ಕನ್ನಡಿ ಕಿತ್ತರೆ ಸಿಗೋದು ಒಂದು ಗೇಣು!

ಮೈಸೂರಿನ ರಿಂಗ್ ರಸ್ತೆಯ ಆಸುಪಾಸು ಮನೆ ಮಾಡಿರುವವರಿಗೆ ಈ ಸದ್ದು ಹೊಸದಲ್ಲ. ರಾತ್ರಿ ಊಟ ಮುಗಿಸಿ ದೀಪ ಆರಿಸಿದ ಮೇಲೆ ಶುರುವಾಗುತ್ತದೆ. ಡುರ್‍ರ್ ಅಂತ ಒಂದು, ಅದರ ಹಿಂದೆಯೇ ಇನ್ನೊಂದು. ಮಲಗಿದ್ದ ಮಗು ಎದ್ದು ಕೂರುತ್ತದೆ, ನಾಯಿಗಳು ಬೊಗಳುತ್ತವೆ. ಪೊಲೀಸರು ಆಗಾಗ ಹಿಡಿದು ಕೇಸು ಹಾಕುತ್ತಾರೆ. ಕಿತ್ತು ತಂದ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ರಾಜ್ಯದ ಹಲವು ಊರುಗಳವರು ಕಂಡಿದ್ದಾರೆ. ಆದರೂ ಆಟ ನಿಂತಿಲ್ಲ.

ಆ ಗಾಡಿಗಳನ್ನು ಹಗಲು ಹೊತ್ತು ಗ್ಯಾರೇಜಿನ ಮುಂದೆ ನೋಡಬೇಕು ನೀವು. ಮಡ್‌ಗಾರ್ಡ್ ಇಲ್ಲ, ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ, ಪಕ್ಕದ ಡಬ್ಬ ಇಲ್ಲ. ಗರಿ ಕಿತ್ತ ಕೋಳಿಯ ಹಾಗೆ ನಿಂತಿರುತ್ತವೆ. ಯಾಕಪ್ಪಾ ಹೀಗೆ ಅಂತ ಕೇಳಿದರೆ ಬರೋದು ಒಂದೇ ಉತ್ತರ: ವೇಯ್ಟ್ ಕಮ್ಮಿ ಆಗ್ಬೇಕು. ತೂಕ ಇಳಿದರೆ ಟೈಮ್ ಇಳಿಯುತ್ತೆ, ಟೈಮ್ ಇಳಿದರೆ ಗೆದ್ದ ಹಾಗೆ.

ಹುಡುಗರಿಗೆ ಬುದ್ಧಿ ಹೇಳುವವರು ಊರಿನಲ್ಲಿ ಬೇಕಾದಷ್ಟಿದ್ದಾರೆ. ಅವರ ಸಾಲಿಗೆ ನಾವೂ ಸೇರುವುದು ಬೇಡ. ಇವತ್ತು ತಕ್ಕಡಿ ಹಿಡಿಯೋಣ. ಏನು ಕಿತ್ತರೆ ಎಷ್ಟು ತೂಕ, ಎಷ್ಟು ತೂಕಕ್ಕೆ ಎಷ್ಟು ಹೊತ್ತು, ಎಷ್ಟು ಹೊತ್ತಿಗೆ ಎಷ್ಟು ದೂರ? ಲೆಕ್ಕ ಆದ ಮೇಲೆ ಲಾಭವೋ ನಷ್ಟವೋ ನೀವೇ ಹೇಳಿ.

ಎರಡು ಫರ್ಲಾಂಗಿನ ಆಟ

ಡ್ರ್ಯಾಗ್ ರೇಸ್ ಅಂದರೆ ತಿರುವು ಮುರುವು ಇಲ್ಲದ ನೇರ ದಾರಿಯ ಓಟ. ಇಬ್ಬರು ಅಕ್ಕಪಕ್ಕ ನಿಲ್ಲಬೇಕು, ದೀಪ ಹತ್ತಿದ ಕೂಡಲೇ ಹೊರಡಬೇಕು. ಕಾಲು ಮೈಲಿ ದಾಟಲು ಎಷ್ಟು ಸೆಕೆಂಡು ಎನ್ನುವುದೇ ಪ್ರಶ್ನೆ. ಕಾಲು ಮೈಲಿ ಅಂದರೆ 1,320 ಅಡಿ, 402 ಮೀಟರ್. ಹಳಬರ ಬಾಯಲ್ಲಿ ಎರಡು ಫರ್ಲಾಂಗು.

ಹುಟ್ಟಿದ್ದು ಅಮೆರಿಕದಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಪಡ್ಡೆ ಹುಡುಗರು ಹಳೆಯ ಕಾರುಗಳ ಮಡ್‌ಗಾರ್ಡ್, ಟಾಪು ಕಿತ್ತು ಬೀದಿಯಲ್ಲಿ ಓಡಿಸತೊಡಗಿದರು. ಅಲ್ಲಿನ ಜನರೂ ನಮ್ಮ ರಿಂಗ್ ರಸ್ತೆಯವರ ಹಾಗೇ ನಿದ್ದೆಗೆಟ್ಟರು, ಪೊಲೀಸರು ಅಟ್ಟಿಸಿಕೊಂಡು ಹೋದರು. ಕೊನೆಗೆ 1950ರಲ್ಲಿ ಸಾಂಟಾ ಆನಾ ಎಂಬ ಊರಿನ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಕಾಸು ಕೊಟ್ಟು ಓಡಿಸುವ ವ್ಯವಸ್ಥೆಯಾಯಿತು. 1951ರಲ್ಲಿ ವಾಲಿ ಪಾರ್ಕ್ಸ್ ಎಂಬಾತ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದ. ಹುಡುಗರನ್ನು ಬೀದಿಯಿಂದ ಎಬ್ಬಿಸಿ ಟ್ರ್ಯಾಕಿಗೆ ತರುವುದೇ ಆ ಸಂಸ್ಥೆಯ ಕೆಲಸ. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ಖಾಲಿ ಬಸ್ಸು, ತುಂಬಿದ ಬಸ್ಸು

ತೂಕಕ್ಕೂ ವೇಗಕ್ಕೂ ಏನು ನಂಟು ಎಂದು ಬಸ್ಸಿನಲ್ಲಿ ಓಡಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಮೊದಲನೇ ಟ್ರಿಪ್ಪಿನ ಖಾಲಿ ಬಸ್ಸು ಸ್ಟಾಪಿನಿಂದ ಚಿಗರೆಯ ಹಾಗೆ ನೆಗೆಯುತ್ತದೆ. ಅದೇ ಬಸ್ಸು, ಅದೇ ಇಂಜಿನ್ನು, ಅದೇ ಡ್ರೈವರು. ಒಂಬತ್ತು ಗಂಟೆಗೆ ಬಾಗಿಲಲ್ಲಿ ಜನ ನೇತಾಡುವಾಗ ಮುಕ್ಕಿ ಮುಲುಕಿ ಹೊರಡುತ್ತದೆ. ಇನ್ನು ಬೆಟ್ಟದ ಬಸ್ಸು ಆಷಾಢ ಶುಕ್ರವಾರದ ದಿನ ಹೇಗೆ ಹತ್ತುತ್ತದೆ ಅಂತ ಕೇಳಲೇಬೇಡಿ. ಇಂಜಿನ್ನಿನ ಬಲ ಅಷ್ಟೇ ಇದೆ, ಎಳೆಯಬೇಕಾದ ಹೊರೆ ಹೆಚ್ಚಾಗಿದೆ.

ಆದ್ದರಿಂದ ಹುಡುಗರು ಹೇಳುವುದು ಸುಳ್ಳಲ್ಲ. ಹಗುರವಾದ ಗಾಡಿ ಬೇಗ ವೇಗ ಹಿಡಿಯುತ್ತದೆ. ಸುಳ್ಳಿರುವುದು ಅದರ ಪ್ರಮಾಣದಲ್ಲಿ. ತೂಕ ಅರ್ಧ ಮಾಡಿದರೆ ಹೊತ್ತೂ ಅರ್ಧವಾಗುತ್ತೆ ಅಂತ ತಿಳಿದವರು ಬಹಳ. ಹಾಗಾಗೋದಿಲ್ಲ ಸ್ವಾಮಿ. ಬಲ ಅಷ್ಟೇ ಇಟ್ಟುಕೊಂಡು ತೂಕ ಪೂರಾ ಅರ್ಧಕ್ಕೆ ಇಳಿಸಿದರೂ ಹೊತ್ತಿನಲ್ಲಿ ಉಳಿಯೋದು ಐದರಲ್ಲಿ ಒಂದು ಪಾಲು. ಯಾಕೆಂದರೆ ಗಾಡಿ ಹಗುರವಾದಷ್ಟೂ ಬೇಗ ವೇಗ ಏರುತ್ತದೆ, ಆದರೆ ವೇಗ ಏರಿದಷ್ಟೂ ಅದೇ ಇಂಜಿನ್ನಿಗೆ ಇನ್ನೂ ಮೇಲಕ್ಕೇರಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಸಾಲದ್ದಕ್ಕೆ ಎದುರುಗಾಳಿ ಬೇರೆ. ನೀನು ಮಡ್‌ಗಾರ್ಡ್ ಕಿತ್ತು ಹಗುರ ಮಾಡಿದ್ದೀಯೆ ಎಂಬುದು ಗಾಳಿಗೆ ಗೊತ್ತಾಗುವುದಿಲ್ಲ.

ಅಮೆರಿಕದ ರೇಸಿನವರಿಗೆ ಒಂದು ಬಾಯಿಪಾಠ ಇದೆ. ಒಂದೂವರೆ ಟನ್ನಿನ ಸಾಧಾರಣ ಕಾರಿನಲ್ಲಿ 100 ಪೌಂಡು, ಅಂದರೆ 45 ಕೆ.ಜಿ. ಇಳಿಸಿದರೆ ಕಾಲು ಮೈಲಿಗೆ ಉಳಿಯುವುದು ಸುಮಾರು ಸೆಕೆಂಡಿನ ಹತ್ತನೇ ಒಂದು ಪಾಲು. ಹೆಚ್ಚು ಕಡಿಮೆ ಒಂದು ಮೂಟೆ ಸಿಮೆಂಟಿನಷ್ಟು ತೂಕ ಇಳಿಸಿ, ಕಣ್ಣು ಮಿಟುಕಿಸುವಷ್ಟೂ ಹೊತ್ತು ಉಳಿಸಿಲ್ಲ!

ಆರ್‌ಎಕ್ಸ್ 100 ಮತ್ತು ನಮ್ಮ ಯೆಜ್ಡಿ

ಬೈಕಿನ ಕಥೆ ಸ್ವಲ್ಪ ಬೇರೆ. ಬೈಕೇ ಹಗುರ, ಆದ್ದರಿಂದ ಒಂದೊಂದು ಕೆ.ಜಿ.ಗೂ ಬೆಲೆ ಹೆಚ್ಚು. ಬೀದಿ ರೇಸಿನವರಿಗೆ ಇವತ್ತಿಗೂ ಯಮಹಾ ಆರ್‌ಎಕ್ಸ್ 100 ಅಂದರೆ ಪ್ರಾಣ. 1985ರಲ್ಲಿ ಬಂದ ಗಾಡಿ, 1996ರಲ್ಲಿ ನಿಂತುಹೋಯಿತು. ನಿಂತು ಇಷ್ಟು ವರ್ಷವಾದರೂ ಬೇಡಿಕೆ ಕುಗ್ಗಿಲ್ಲ. ಇಂಜಿನ್ನು ಬರೀ 98 ಸಿ.ಸಿ., ಬಲ 11 ಅಶ್ವಶಕ್ತಿ. ಗುಟ್ಟು ಇರುವುದು ತೂಕದಲ್ಲಿ: ಪೆಟ್ರೋಲು ಸೇರಿ ಸುಮಾರು 103 ಕೆ.ಜಿ.

ಇದಕ್ಕೆ ನಮ್ಮೂರಿನ ಗಾಡಿಯನ್ನು ಹೋಲಿಸಿ ನೋಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್. ಆ ಕಾರ್ಖಾನೆಯೂ 1996ರಲ್ಲೇ ಬಾಗಿಲು ಹಾಕಿತು. ರೋಡ್‌ಕಿಂಗಿನ ಇಂಜಿನ್ನು 250 ಸಿ.ಸಿ., ಬಲ 16 ಅಶ್ವಶಕ್ತಿ, ತೂಕ 140 ಕೆ.ಜಿ. ಆಸುಪಾಸು. ಭಾಗಿಸಿ ನೋಡಿ. ಎರಡರಲ್ಲೂ ಒಂದೊಂದು ಅಶ್ವಶಕ್ತಿ ಹೊರಬೇಕಾದ್ದು ಸುಮಾರು 9 ಕೆ.ಜಿ. ಎರಡೂವರೆ ಪಟ್ಟು ದೊಡ್ಡ ಇಂಜಿನ್ನಿನ ಗಾಡಿಗೆ ಸಣ್ಣ ಗಾಡಿ ಯಾಕೆ ಸೆಡ್ಡು ಹೊಡೆಯುತ್ತಿತ್ತು ಅಂತ ಈಗ ತಿಳಿಯಿತಲ್ಲ?

ಆದರೆ ಗಾಡಿ ತಾನೇ ಓಡೋಲ್ಲ, ಸವಾರ ಹತ್ತಬೇಕು. 65 ಕೆ.ಜಿ.ಯ ಒಬ್ಬ ಹುಡುಗ ಹತ್ತಿದ ಅಂತಿಟ್ಟುಕೊಳ್ಳಿ. ಯೆಜ್ಡಿಯಲ್ಲಿ ಒಂದು ಅಶ್ವಶಕ್ತಿಯ ಪಾಲಿಗೆ ಬರೋದು 13 ಕೆ.ಜಿ., ಆರ್‌ಎಕ್ಸ್‌ನಲ್ಲಿ 15 ಕೆ.ಜಿ. ಹಗುರ ಗಾಡಿಗೆ ಸವಾರನೇ ದೊಡ್ಡ ಹೊರೆ. ಇದನ್ನೂ ನೆನಪಿಟ್ಟುಕೊಳ್ಳಿ.

ಲೆಕ್ಕ ಹೀಗಿದೆ

ರೇಸಿನವರು ಬಹಳ ವರ್ಷದಿಂದ ಬಳಸುವ ಒಂದು ಅಂದಾಜು ಸೂತ್ರ ಉಂಟು. ಸವಾರನೂ ಸೇರಿದ ಒಟ್ಟು ತೂಕವನ್ನು ಪೌಂಡಿನಲ್ಲಿ ಬರೆದು ಅಶ್ವಶಕ್ತಿಯಿಂದ ಭಾಗಿಸಬೇಕು. ಬಂದದ್ದರ ಘನಮೂಲ ತೆಗೆದು 5.825ರಿಂದ ಗುಣಿಸಬೇಕು. ಘನಮೂಲ ಮರೆತಿದ್ದರೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಕ್ಕಳನ್ನು ಕೇಳಿ.

ಆರ್‌ಎಕ್ಸ್ 103 ಕೆ.ಜಿ., ಹುಡುಗ 65 ಕೆ.ಜಿ., ಒಟ್ಟು 168. ಪೌಂಡಿನಲ್ಲಿ 370. ಹನ್ನೊಂದರಿಂದ ಭಾಗಿಸಿದರೆ 33.6, ಅದರ ಘನಮೂಲ 3.23. ಗುಣಿಸಿದರೆ 18.8 ಸೆಕೆಂಡು. ಗಾಡಿಯ ಹದ, ರಸ್ತೆ, ಕ್ಲಚ್ ಬಿಡುವ ಕೈ ಇವೆಲ್ಲದರಿಂದ ಹೆಚ್ಚುಕಮ್ಮಿ ಆಗುತ್ತದೆ. ಆದರೂ ತೂಕದ ಮಹಿಮೆ ಅಳೆಯಲು ಇಷ್ಟು ಸಾಕು.

ಈಗ ಗಾಡಿಯಿಂದ 10 ಕೆ.ಜಿ. ಇಳಿಸಿ. ಹೊತ್ತು 18.4ಕ್ಕೆ ಬರುತ್ತದೆ. ಉಳಿತಾಯ ಹತ್ತಿರ ಹತ್ತಿರ 0.4 ಸೆಕೆಂಡು. ಗುರಿ ಮುಟ್ಟುವ ಹೊತ್ತಿಗೆ ಗಾಡಿ ಗಂಟೆಗೆ 100 ಕಿ.ಮೀ. ಓಡುತ್ತಿದ್ದರೆ ಸೆಕೆಂಡಿಗೆ 28 ಮೀಟರ್ ಲೆಕ್ಕ. ಅಂದರೆ ಹತ್ತು ಮೀಟರ್ ಮುಂದೆ, ಸುಮಾರು ಐದು ಬೈಕಿನ ಉದ್ದ. ಗೆಲುವು ನಿಜ, ಒಪ್ಪಿಕೊಳ್ಳೋಣ.

ಚಿಲ್ಲರೆ ಲೆಕ್ಕಕ್ಕೆ ಬನ್ನಿ. ಒಂದು ಕೆ.ಜಿ.ಗೆ ಉಳಿಯುವುದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲಿಗೂ ಕಡಿಮೆ, ಸುಮಾರು ಒಂದು ಮೀಟರ್ ದೂರ. ಒಂದು ಕನ್ನಡಿ ಕಾಲು ಕೆ.ಜಿ. ತೂಗಿತು ಅಂದುಕೊಳ್ಳಿ. ಅದನ್ನು ಕಿತ್ತರೆ ಸಿಗೋದು ಒಂದು ಗೇಣು. ಎರಡೂ ಕಿತ್ತರೆ ಒಂದು ಮೊಳ. ಇನ್ನು ಹೆಲ್ಮೆಟ್ಟು, ಒಂದೂವರೆ ಕೆ.ಜಿ. ಅದನ್ನು ತೆಗೆದು ಟ್ಯಾಂಕಿನ ಮೇಲೆ ಒರಗಿ ಓಡಿಸಿದರೆ ಸಿಗೋದು ಮೂರು ಮೊಳ ಚಿಲ್ಲರೆ. ಒಂದು ಬೈಕಿನ ಉದ್ದವೂ ಇಲ್ಲ!

ದೀಪ ಕಂಡು ಕೈ ಆಡಿಸಲು ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಪಾಲಾದರೂ ಬೇಕು. ಬೀದಿಯಲ್ಲಿ ಎದುರಾಳಿಗಿಂತ ಹತ್ತನೇ ಒಂದು ಪಾಲು ತಡವಾಗಿ ಕ್ಲಚ್ ಬಿಟ್ಟ ಹುಡುಗ ಸುಮಾರು ಮೂರು ಮೀಟರ್ ಕಳೆದುಕೊಂಡ. ಹೆಲ್ಮೆಟ್ಟು ಬಿಚ್ಚಿ ಉಳಿಸಿಕೊಂಡದ್ದರ ಹತ್ತಿರ ಹತ್ತಿರ ಎರಡು ಪಟ್ಟು ಅಲ್ಲಿಗೆ ಹೋಯಿತು. ಸಂತೇಪೇಟೆಯ ಯಾವ ವ್ಯಾಪಾರಿಯೂ ಇಂಥ ವ್ಯಾಪಾರ ಮಾಡುವುದಿಲ್ಲ.

ತೂಕ ಎಲ್ಲೋ, ಕೈ ಎಲ್ಲೋ

ಇನ್ನೊಂದು ತಮಾಷೆ ಇದೆ. ಟ್ಯಾಂಕಿನಲ್ಲಿರುವ ಪೆಟ್ರೋಲು ಲೀಟರಿಗೆ ಮುಕ್ಕಾಲು ಕೆ.ಜಿ. ತೂಗುತ್ತದೆ. ತುಂಬಿದ ಟ್ಯಾಂಕಿನ ಬದಲು ಏಳು ಲೀಟರ್ ಕಡಿಮೆ ಇಟ್ಟುಕೊಂಡರೆ ಐದು ಕೆ.ಜಿ. ಇಳಿಯಿತು. ಎರಡು ಕನ್ನಡಿ ಕಿತ್ತದ್ದರ ಹತ್ತು ಪಟ್ಟು. ಸ್ಪ್ಯಾನರ್ ಬೇಡ, ಕಾಸಿಲ್ಲ, ಕೇಸಿಲ್ಲ.

ಸೈಲೆನ್ಸರ್ ಕೀಳುವವರ ಕಥೆ ಇನ್ನೂ ಸ್ವಾರಸ್ಯ. ಆರ್‌ಎಕ್ಸ್‌ನದು ಟೂ ಸ್ಟ್ರೋಕ್ ಇಂಜಿನ್ನು. ಇದರಲ್ಲಿ ಹೊಗೆ ಕೊಳವೆ ಬರೀ ಸದ್ದಡಗಿಸುವ ಡಬ್ಬವಲ್ಲ, ಇಂಜಿನ್ನಿನ ಉಸಿರಾಟದ ಭಾಗ. ಹೊರಗೆ ಹೊರಟ ಹೊಗೆಯ ಅಲೆ ಆ ಕೊಳವೆಯ ಆಕಾರಕ್ಕೆ ಬಡಿದು ವಾಪಸು ಬರುತ್ತದೆ. ಸುಡದೆ ಆಚೆ ನುಸುಳುತ್ತಿದ್ದ ಹೊಸ ಪೆಟ್ರೋಲು ಗಾಳಿಯನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಆ ಕೊಳವೆಯನ್ನೇ ಕಿತ್ತೆಸೆದರೆ ತೂಕದ ಜೊತೆ ಬಲವೂ ಇಳಿಯುತ್ತದೆ. ಸದ್ದು ಜೋರಾದದ್ದನ್ನು ಕಂಡು ಹುಡುಗ ವೇಗ ಜೋರಾಯಿತು ಅಂದುಕೊಳ್ಳುತ್ತಾನೆ. ತಮಟೆ ಜೋರಾಗಿ ಬಡಿದರೆ ತೇರು ಬೇಗ ಹೋಗುತ್ತದೆಯೇ?

ತಿರುಗುವ ಭಾಗದ ತೂಕಕ್ಕೆ ಬೆಲೆ ಹೆಚ್ಚು ಎಂಬುದೂ ನಿಜ. ಚಕ್ರದ ಅಂಚಿನಲ್ಲಿರುವ ಒಂದು ಕೆ.ಜಿ.ಯನ್ನು ಇಂಜಿನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ಬೇಕು. ಹೀಗಾಗಿ ಅದು ಎರಡು ಕೆ.ಜಿ.ಗೆ ಸಮ. ಇದನ್ನು ಕೇಳಿಸಿಕೊಂಡವರು ಸೈಕಲ್ ಟೈರಿನಂಥ ಸಣ್ಣ ಟೈರು ಹಾಕುತ್ತಾರೆ, ಮುಂದಿನ ಬ್ರೇಕ್ ಬಿಚ್ಚುತ್ತಾರೆ. ಓಡುವಾಗ ಸರಿ, ನಿಲ್ಲುವಾಗ? ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ. ಗಾಡಿ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಅದರದೇ. ಹಿಂದಿನ ಬ್ರೇಕ್ ಒಂದರಲ್ಲೇ ನಿಲ್ಲಿಸಬೇಕೆಂದರೆ ಸುಮಾರು ಎರಡು ಪಟ್ಟು ದೂರ ಬೇಕು. ಟ್ರ್ಯಾಕಿನಲ್ಲಿ ಗುರಿ ದಾಟಿದ ಮೇಲೆ ನಿಲ್ಲಲೆಂದೇ ಉದ್ದನೆಯ ಖಾಲಿ ದಾರಿ ಬಿಟ್ಟಿರುತ್ತಾರೆ. ರಿಂಗ್ ರಸ್ತೆಯಲ್ಲಿ ಗುರಿ ದಾಟಿದ ಮೇಲೆ ಇರೋದು ಸರ್ಕಲ್ಲು, ದನ, ಇಲ್ಲವೇ ಕೊನೆಯ ಬಸ್ಸು ಇಳಿದು ಮನೆಗೆ ಹೋಗುತ್ತಿರುವ ಒಬ್ಬ ಹೆಂಗಸು.

ಜರಡಿ ಕಾರು, ಒಂಟಿ ಸೀಟಿನ ಕಾರು

ತೂಕದ ಹುಚ್ಚು ನಮ್ಮ ಹುಡುಗರಿಗಷ್ಟೇ ಹತ್ತಿದ್ದಲ್ಲ. 1963ರಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿಯವರು ಡ್ರ್ಯಾಗ್ ರೇಸಿಗೆಂದೇ 14 ಕ್ಯಾಟಲೀನಾ ಕಾರು ಮಾಡಿದರು. ಮುಂಭಾಗಕ್ಕೆ ಉಕ್ಕಿನ ಬದಲು ಅಲ್ಯೂಮಿನಿಯಂ ಹಾಕಿದರು. ಅದೂ ಸಾಲದೆ ಕಾರಿನ ಬೆನ್ನೆಲುಬಾದ ಚಾಸಿಗೇ ಸಾಲಾಗಿ ದೊಡ್ಡ ದೊಡ್ಡ ತೂತು ಕೊರೆದರು. ಜನ ಅದಕ್ಕೆ ತೂತು ಬಿದ್ದ ಸ್ವಿಸ್ ಗಿಣ್ಣಿನ ಹೆಸರಿಟ್ಟರು. ನಮ್ಮ ಕಡೆಯಾಗಿದ್ದರೆ ಜರಡಿ ಕಾರು ಅನ್ನುತ್ತಿದ್ದರು.

2018ರಲ್ಲಿ ಡಾಜ್ ಕಂಪನಿಯ ಡೀಮನ್ ಕಾರು ಬಂತು. 840 ಅಶ್ವಶಕ್ತಿ. ತೂಕ ಇಳಿಸಲು ಅದರಲ್ಲಿ ಡ್ರೈವರಿನ ಸೀಟು ಬಿಟ್ಟು ಬೇರೆ ಸೀಟೇ ಇಡಲಿಲ್ಲ. ಪಕ್ಕದ ಸೀಟು ಬೇಕಾದವರು ಒಂದು ಡಾಲರ್ ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಕಾಲು ಮೈಲಿಯನ್ನು 9.65 ಸೆಕೆಂಡಿನಲ್ಲಿ ಮುಗಿಸಿತು. ಆಗ ಅದೇ ಹಾಟ್ ರಾಡ್ ಅಸೋಸಿಯೇಷನ್‌ನವರು ಏನೆಂದರು ಗೊತ್ತೆ? ಹತ್ತು ಸೆಕೆಂಡಿಗಿಂತ ಬೇಗ ಓಡುವ ಗಾಡಿಯೊಳಗೆ ಉಕ್ಕಿನ ಕೊಳವೆಗಳ ಪಂಜರ ಇರಬೇಕು, ಕಾರು ಮಗುಚಿದರೂ ಒಳಗಿರುವವನು ಜಜ್ಜಿ ಹೋಗಬಾರದು. ನಿಮ್ಮ ಕಾರಿನಲ್ಲಿ ಅದಿಲ್ಲ, ಹಾಗೇ ನಮ್ಮ ರೇಸಿಗೆ ತರಬೇಡಿ ಎಂದು ಬಾಗಿಲು ಹಾಕಿದರು. 2008ರಲ್ಲಿ ಒಬ್ಬ ಸ್ಪರ್ಧಿ ಸತ್ತ ಮೇಲೆ ಅತಿ ವೇಗದ ಗಾಡಿಗಳಿಗೆ 1,320 ಅಡಿಯ ಓಟವನ್ನೇ 1,000 ಅಡಿಗೆ ಇಳಿಸಿದವರೂ ಇವರೇ.

ನೋಡಿದಿರಾ? ತೂಕ ಇಳಿಸುವುದನ್ನೇ ಕಸುಬು ಮಾಡಿಕೊಂಡವರು ಪ್ರಾಣದ ಮಾತು ಬಂದಾಗ ತೂಕ ಏರಿಸಿ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳ ಮುಂದೆ ಮೊದಲು ಕಳಚುವುದೇ ಪ್ರಾಣ ಕಾಯುವ ಸಾಮಾನು.

ರೇಸ್ ಕೋರ್ಸಿನ ಸೀಸ

ಮೈಸೂರಿನವರಿಗೆ ಇದು ಇನ್ನೂ ಬೇಗ ಅರ್ಥವಾಗಬೇಕು. ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನಲ್ಲಿ ಜಾಕಿಯನ್ನು ಓಟಕ್ಕೆ ಮೊದಲೂ ತೂಗುತ್ತಾರೆ, ಆಮೇಲೂ ತೂಗುತ್ತಾರೆ. ಕಡಿಮೆ ಬಿದ್ದರೆ ಜೀನಿನ ಬಳಿ ಸೀಸ ಇಟ್ಟು ಭರ್ತಿ ಮಾಡುತ್ತಾರೆ. ಶಿಸ್ತಾಗಿ ನಡೆಯುವ ಮೋಟಾರ್ ರೇಸಿನಲ್ಲೂ ಅಷ್ಟೆ. ಸವಾರನೂ ಸೇರಿ ಇಷ್ಟಕ್ಕಿಂತ ಕಡಿಮೆ ಇರಕೂಡದು ಎಂದು ವರ್ಗಕ್ಕೊಂದು ನಿಯಮ ಇಡುತ್ತಾರೆ. ಆಗ ಗುಬ್ಬಚ್ಚಿಯಂಥ ಹುಡುಗನನ್ನು ಕೂರಿಸಿ ಪ್ರಯೋಜನವಿಲ್ಲ, ಬ್ರೇಕ್ ಬಿಚ್ಚಿಯೂ ಪ್ರಯೋಜನವಿಲ್ಲ.

ಬೀದಿಯಲ್ಲಿ ತಕ್ಕಡಿಯೂ ಇಲ್ಲ, ಸೀಸವೂ ಇಲ್ಲ. ಸವಾರನೇ ದೊಡ್ಡ ಹೊರೆ ಎಂದು ಮೇಲೆ ಹೇಳಿದೆವಲ್ಲ, ತೂಕದ ಲೆಕ್ಕ ಕೊನೆಗೆ ಬಂದು ನಿಲ್ಲುವುದು ಅವನ ಮೇಲೇ. 65 ಕೆ.ಜಿ.ಯವನ ಬದಲು 50 ಕೆ.ಜಿ.ಯವನು ಹತ್ತಿದರೆ ಅರ್ಧ ಸೆಕೆಂಡಿಗೂ ಮೇಲೆ ಉಳಿಯಿತು. ಯಾವ ಸ್ಪ್ಯಾನರೂ ಅಷ್ಟು ಕೊಡೋದಿಲ್ಲ. ಐವತ್ತು ಕೆ.ಜಿ. ಯಾರು ತೂಗುತ್ತಾರೆ? ಪಿಯುಸಿ ಓದುವ ಹುಡುಗ. ಮೀಸೆ ಚಿಗುರದವನು, ಲೈಸೆನ್ಸಿನ ವಯಸ್ಸಾಗದವನು.

ಅಪ್ಪನ ಜೇಬಿಗೆ

ಅಂಗಡಿ ಇಟ್ಟವರು ಇಲ್ಲಿಂದ ಮುಂದೆ ನಿಧಾನವಾಗಿ ಓದಿ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂತು. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರೇಸ್ ಮಾಡಿದರೆ 189ನೇ ಕಲಮಿನ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೇ ಸಲವಾದರೆ ಒಂದು ವರ್ಷ, 10,000 ರೂಪಾಯಿ. ಗಾಡಿಯನ್ನು ಕಾನೂನು ಒಪ್ಪದ ರೀತಿಯಲ್ಲಿ ಮಾರ್ಪಾಟು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ.

ಮಾಲೀಕ ಯಾರು? ಆರ್‌ಸಿ ಪುಸ್ತಕ ತೆರೆದು ನೋಡಿ. ಬಹಳ ಮನೆಗಳಲ್ಲಿ ಅಪ್ಪನ ಹೆಸರೇ ಇರುತ್ತದೆ. ಓಡಿಸಿದವನು 18 ತುಂಬದ ಮಗನಾದರೆ 199ಎ ಕಲಮು ಬರುತ್ತದೆ: ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. ವಿಮೆಯ ಪಾಲಿಸಿಯನ್ನೂ ಓದಿ. ರೇಸಿಗೆ, ವೇಗದ ಪರೀಕ್ಷೆಗೆ ಬಳಸಿದರೆ ವಿಮೆ ಅನ್ವಯಿಸದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ.

ಒಂದು ಗೇಣು, ಒಂದು ಮೊಳಕ್ಕೆ ತೆರುವ ಬೆಲೆ ಇದು. ಆಸ್ಪತ್ರೆಯ ಖರ್ಚು ಇದಕ್ಕೆ ಸೇರಿಲ್ಲ.

ಜಾಗ ಕೊಟ್ಟು ನೋಡಿ

ಹಾಗಂತ ಬರೀ ಲಾಠಿ ಬೀಸಿ ಈ ಆಟ ನಿಲ್ಲಿಸುವುದು ಆಗದ ಮಾತು. ಕ್ಯಾಲಿಫೋರ್ನಿಯಾದ ಪೊಲೀಸರ ಕೈಲೂ ಆಗಲಿಲ್ಲ. ವಿಮಾನ ನಿಲ್ದಾಣದ ದಾರಿ ಬಿಟ್ಟುಕೊಟ್ಟ ಮೇಲೆ ಹುಡುಗರಿಗೆ ಹೋಗಲು ಒಂದು ಜಾಗ ಆಯಿತು. ನಮ್ಮಲ್ಲೂ ಮದ್ರಾಸಿನ ಬಳಿ ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ ವರ್ಷಾನುಗಟ್ಟಲೆ ರೇಸು ನಡೆಯುತ್ತಿದ್ದವು. 1990ರಲ್ಲಿ ಇರುಂಗಾಟ್ಟುಕೋಟೆಯಲ್ಲಿ ಅದಕ್ಕೆಂದೇ ಟ್ರ್ಯಾಕ್ ಬಂತು. ಇವತ್ತು ಬೈಕುಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಷಿಪ್ ಇದೆ. ಅದನ್ನು ಹಲವು ಬಾರಿ ಗೆದ್ದಿರುವ ಹೇಮಂತ್ ಮುದ್ದಪ್ಪ ಬೇರೆಲ್ಲಿಯವರೂ ಅಲ್ಲ, ನಮ್ಮ ಬೆಂಗಳೂರಿನವರು. ಹೆಲ್ಮೆಟ್ಟು, ಚರ್ಮದ ಸೂಟು, ಬೂಟು, ಎಲ್ಲ ತೂಕವನ್ನೂ ಮೈಮೇಲೆ ಹೊತ್ತೇ ಗೆದ್ದವರು.

ಕಾನೂನು ಕೂಡ ಬಾಗಿಲು ಪೂರಾ ಮುಚ್ಚಿಲ್ಲ. ಲಿಖಿತ ಒಪ್ಪಿಗೆ ಇಲ್ಲದ ರೇಸು ಅಪರಾಧ ಎಂದರೆ ಒಪ್ಪಿಗೆ ಪಡೆದ ರೇಸು ಸಾಧ್ಯ ಎಂದೇ ಅರ್ಥ. ಮೋಟಾರು ಸೈಕಲ್ ಕಟ್ಟಿ ದೇಶಕ್ಕೆಲ್ಲ ಕಳಿಸಿದ ಊರು ಇದು. ಇಲ್ಲಿನ ಬೈಕು ಸಂಘಗಳು, ಪೊಲೀಸ್ ಇಲಾಖೆ, ಜಿಲ್ಲಾಡಳಿತ ಒಂದು ಕಡೆ ಕೂತು, ವರ್ಷಕ್ಕೆ ಎರಡು ದಿನವಾದರೂ ಜನವಿಲ್ಲದ ಒಂದು ನೇರ ದಾರಿ ಕಟ್ಟಿಕೊಡಲಾರರೇ? ಒಂದು ಆಂಬುಲೆನ್ಸು, ಎರಡು ಬದಿಗೆ ಮರಳು ಮೂಟೆ, ದಾರಿಯ ತುದಿಗೊಂದು ತಕ್ಕಡಿ. ಹೆಚ್ಚಿಗೆ ಏನೂ ಕೇಳುತ್ತಿಲ್ಲ.

ಅದಾಗುವವರೆಗೆ ಮನೆಯಲ್ಲಿ ಗಂಡು ಮಕ್ಕಳಿರುವವರು ಇಷ್ಟು ಮಾಡಿ. ಇವತ್ತು ಅಂಗಡಿ ಬಾಗಿಲು ಹಾಕಿ ಮನೆಗೆ ಹೋದಾಗ ಅಂಗಳದಲ್ಲಿ ನಿಂತಿರುವ ಗಾಡಿಯನ್ನು ಒಂದು ಸುತ್ತು ಬನ್ನಿ. ಕನ್ನಡಿ ಎರಡೂ ಇವೆಯೇ? ಮುಂದಿನ ಬ್ರೇಕ್ ಹಿಡಿಯುತ್ತದೆಯೇ? ಇಲ್ಲದಿದ್ದರೆ ಹುಡುಗನನ್ನು ಬಯ್ಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಈ ಲೆಕ್ಕ ಅವನ ಕೈಲೇ ಮಾಡಿಸಿ.